ರಿಮಿನಿ ನೀಲಿ: ಮನೆಮನೆಗೆ ಬಂದ ಇಟಲಿಯ ಸೆರಾಮಿಕ್ ಕಲೆ

ಇಟಲಿಯ ಫ್ಲಾರೆನ್ಸ್ ನಗರದ ಪಶ್ಚಿಮಕ್ಕೆ, ಆರ್ನೊ ನದಿಯ ದಡದಲ್ಲಿರುವ ಮೊಂಟೆಲೂಪೊ ಶತಮಾನಗಳಿಂದಲೂ ಕುಂಬಾರಿಕೆಗೆ ಹೆಸರಾದ ಊರು. ಇಲ್ಲಿ ಗುಯಿದೊ ಬಿತೊಸ್ಸಿ 1921ರಲ್ಲಿ ಸೆರಾಮಿಕ್ ಕಾರ್ಖಾನೆ ಆರಂಭಿಸಿದರು. ಎರಡನೇ ಮಹಾಯುದ್ಧದಲ್ಲಿ ಸೆರೆಯಾಗಿದ್ದ ಅದೇ ಊರಿನ ಆಲ್ಡೊ ಲೊಂಡಿ (1911–2003), ಬಿಡುಗಡೆಯ ಬಳಿಕ 1946ರಲ್ಲಿ ಆ ಕಾರ್ಖಾನೆಯ ಕಲಾ ನಿರ್ದೇಶಕರಾದರು. 1950ರ ದಶಕದಲ್ಲಿ ಅವರು ರೂಪಿಸಿದ ‘ರಿಮಿನಿ ಬ್ಲೂ’ ಮಾಲಿಕೆ ಕಾರ್ಖಾನೆಗೆ ಜಗತ್ತಿನಾದ್ಯಂತ ಹೆಸರು ತಂದಿತು.

ತಯಾರಿಕೆ
ಹಸಿ ಜೇಡಿಮಣ್ಣಿನ ಮೇಲೆ ಪುಟ್ಟ ಅಚ್ಚುಗಳನ್ನು ಒಂದೊಂದಾಗಿ ಕೈಯಿಂದಲೇ ಒತ್ತಿ, ಸಾಲುಸಾಲಾಗಿ ಚಿತ್ತಾರ ಮೂಡಿಸುತ್ತಾರೆ. ಸುಟ್ಟ ಬಳಿಕ ನೀಲಿ, ಹಸಿರು ಮೆರುಗು ಬಳಿದು ಮತ್ತೆ ಸುಡುತ್ತಾರೆ. ಕರಗಿದ ಮೆರುಗು ತಗ್ಗುಗಳಲ್ಲಿ ಮಡುಗಟ್ಟಿ ಗಾಢವಾಗುತ್ತದೆ, ಅಂಚುಗಳಲ್ಲಿ ತೆಳುವಾಗುತ್ತದೆ. ಹೂದಾನಿ, ಬಟ್ಟಲು, ಕುದುರೆ, ಬೆಕ್ಕು, ಹಕ್ಕಿಗಳೆಲ್ಲ ಹೀಗೆಯೇ ಮೈದಳೆದವು.

ಸಂಗ್ರಹಿಸುವವರಿಗೆ
ಪಾತ್ರೆಯ ತಳವನ್ನು ಮೊದಲು ನೋಡಿ. ಹಲವು ಪಾತ್ರೆಗಳ ತಳದಲ್ಲಿ ‘ಇಟಲಿ’ ಎಂಬ ಕೈಬರಹವೂ ಸಂಖ್ಯೆಯೂ ಇರುತ್ತವೆ. ಆದರೆ ಬರಹವೊಂದೇ ಪುರಾವೆಯಲ್ಲ. ಮಣ್ಣು, ಅಚ್ಚಿನ ಗುರುತು, ಮೆರುಗುಗಳನ್ನೂ ಪರೀಕ್ಷಿಸಬೇಕು.

ಎರಡು ಅಚ್ಚುಗಳ ನಡುವಿನ ಅಂತರ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ, ಗಮನಿಸಿ. ಅದು ದೋಷವಲ್ಲ, ಕುಶಲಕರ್ಮಿಯ ಕೈಗುರುತು.