ತಾನಾಗಿ ಬಂದ ಹಾಡು

ನನ್ನ ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ, ಬಂಧುಗಳೇ,

ಜೀವನವಿಡೀ ಮೌರ್ಯರು, ಹೊಯ್ಸಳರು, ಫ್ರೆಂಚ್ ಕ್ರಾಂತಿ ಎಂದು ಪಾಠ ಹೇಳಿದ ಮೇಷ್ಟ್ರು ಈ ಸಲ ರಾಕ್ ಸಂಗೀತದ ಇತಿಹಾಸ ಹಿಡಿದು ಕುಳಿತಿದ್ದಾರೆಂದು ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ಈ ಬರಹದ ಹಿಂದೆ ಮೂವತ್ತು ವರ್ಷಗಳಿಗೂ ಹಳೆಯದಾದ ನನ್ನದೊಂದು ತಪ್ಪಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ ನನ್ನ ಕೋಣೆಯ ಸಂಗಾತಿಯ ಬಳಿ ಒಂದು ಟೇಪ್ ರೆಕಾರ್ಡರ್ ಮತ್ತು ಬೀಟಲ್ಸ್ ತಂಡದ ಎರಡು ಕ್ಯಾಸೆಟ್ಟುಗಳಿದ್ದವು. ಪರೀಕ್ಷೆಯ ಹಿಂದಿನ ರಾತ್ರಿಯೂ ಅವು ಮೊಳಗುತ್ತಿದ್ದವು. ಮೊದಮೊದಲು ಬರಿಯ ಗದ್ದಲವೆನಿಸಿದ್ದು ಬರಬರುತ್ತಾ ಕಿವಿಗೆ ಹಿಡಿಸಿತು. ನಿವೃತ್ತಿಯ ಬಳಿಕ ಬಿಡುವು ದೊರೆತಾಗ ಆ ಕಾಲದ ಹಾಡುಗಾರರ ಸಂದರ್ಶನಗಳನ್ನೂ ಆತ್ಮಕಥೆಗಳನ್ನೂ ಓದತೊಡಗಿದೆ. ಅಲ್ಲೆಲ್ಲ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು. ಹಾಡು ಎಲ್ಲಿಂದ ಬರುತ್ತದೆ? ಬಂದ ಮೇಲೆ ಅದು ಯಾರದು?

ಇಂಗ್ಲೆಂಡಿನ ಈ ಹುಡುಗರಲ್ಲಿ ಹೆಚ್ಚಿನವರು ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತವರಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಗೆ ಸ್ವರಲಿಪಿ ಓದಲು, ಬರೆಯಲು ಬಾರದು. ಅಮೆರಿಕದ ತಟ್ಟೆಗಳನ್ನು ಕೇಳಿ ಕೇಳಿ, ಬೆರಳುಗಳಿಗೆ ಅಭ್ಯಾಸ ಮಾಡಿಸಿ ಕಲಿತವರು ಅವರು. ಹದಿಹರೆಯದಲ್ಲಿ ಲಿವರ್‌ಪೂಲಿನಲ್ಲಿ ಮೆಕಾರ್ಟ್ನಿ ಮತ್ತು ಜಾನ್ ಲೆನನ್ ಎದುರುಬದುರು ಕುಳಿತು ಹಾಡು ಕಟ್ಟುತ್ತಿದ್ದಾಗ ಅವರ ಬಳಿ ಟೇಪ್ ರೆಕಾರ್ಡರ್ ಕೂಡ ಇರಲಿಲ್ಲ. ಮರುದಿನ ತಮಗೇ ನೆನಪಿಗೆ ಬಾರದ ಹಾಡು ಜನರ ನೆನಪಿನಲ್ಲಿ ಹೇಗೆ ಉಳಿದೀತು ಎಂಬುದು ಅವರ ಲೆಕ್ಕಾಚಾರವಾಗಿತ್ತು. ಹೀಗೆ ಅವರ ಕಸುಬು ನಿಂತದ್ದು ನೆನಪಿನ ಮೇಲೆ. ಆ ನೆನಪೇ ಮುಂದೆ ಅವರಲ್ಲೊಬ್ಬನನ್ನು ನ್ಯಾಯಾಲಯದ ಕಟಕಟೆಗೆ ತಂದಿತು.

ಮೊದಲು ಒಂದು ಕನಸಿನ ಕಥೆ. 'ಯೆಸ್ಟರ್‌ಡೇ' ಎಂಬ ಹಾಡನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಆಗ ಮೆಕಾರ್ಟ್ನಿ ಲಂಡನ್ನಿನ ವಿಂಪೋಲ್ ಬೀದಿಯಲ್ಲಿ, ತನ್ನ ಗೆಳತಿ ಜೇನ್ ಆಷರ್ ಅವರ ಮನೆಯ ಮೇಲಂತಸ್ತಿನ ಪುಟ್ಟ ಕೋಣೆಯಲ್ಲಿ ವಾಸವಾಗಿದ್ದ. ಒಂದು ಬೆಳಿಗ್ಗೆ ಎದ್ದಾಗ ಇಡೀ ಮಟ್ಟು ಕನಸಿನಿಂದಲೇ ಜೊತೆಗೆ ಬಂದಂತೆ ತಲೆಯಲ್ಲಿತ್ತು. ಹಾಸಿಗೆಯ ಪಕ್ಕದಲ್ಲೇ ಪಿಯಾನೋ ಇತ್ತು. ನುಡಿಸಿ ನೋಡಿದ, ಸರಿಯಾಗಿಯೇ ಕೂತಿತು.

ಇಂಥ ಮಟ್ಟು ಕೈಗೆ ಸಿಕ್ಕರೆ ಯಾರಾದರೂ ಕುಣಿದಾಡುತ್ತಿದ್ದರು. ಮೆಕಾರ್ಟ್ನಿಗೆ ಬಂದದ್ದು ಅನುಮಾನ. ಅವನ ತಂದೆ ಹಿಂದೆ ಜಾಝ್ ವಾದ್ಯಗಾರರಾಗಿದ್ದವರು. ಮನೆಯಲ್ಲಿ ಹಳೆಯ ಹಾಡುಗಳ ಬಳಕೆ ಇತ್ತು. ಎಂದೋ ಕೇಳಿ ಮರೆತದ್ದು ಹೀಗೆ ಮರಳಿ ಬಂದಿರಬಹುದೇ? ಸುಮಾರು ಒಂದು ತಿಂಗಳ ಕಾಲ ಅವನು ಸಂಗೀತ ಬಲ್ಲವರನ್ನೆಲ್ಲ ಕಂಡು, ನುಡಿಸಿ ತೋರಿಸಿ, ಇದು ಯಾರದು ಎಂದು ಕೇಳುತ್ತ ಹೋದ. ದಾರಿಯಲ್ಲಿ ಸಿಕ್ಕ ವಸ್ತುವನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ವಾರಸುದಾರರು ಬಾರದಿದ್ದರೆ ತಾನೇ ಇಟ್ಟುಕೊಂಡ ಹಾಗೆ ಎಂದು ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಯಾರೂ ತನ್ನದೆನ್ನಲಿಲ್ಲ.

ಮಟ್ಟು ಬಂದಷ್ಟು ಸುಲಭವಾಗಿ ಮಾತು ಬರಲಿಲ್ಲ. ಮಟ್ಟು ಮರೆಯದಿರಲೆಂದು ತಿಂಡಿಯ ಮೊಟ್ಟೆಯ ಬಗ್ಗೆ ಏನೋ ಹುಡುಗಾಟದ ಸಾಲನ್ನು ಅದಕ್ಕೆ ಜೋಡಿಸಿಕೊಂಡಿದ್ದ. ನಿಜವಾದ ಮಾತುಗಳು ದೊರೆತದ್ದು 1965ರ ಮೇ ತಿಂಗಳಲ್ಲಿ, ಪೋರ್ಚುಗಲ್ ದೇಶದಲ್ಲಿ ರಜೆಗೆಂದು ದೂರದ ಕಾರುಪ್ರಯಾಣ ಮಾಡುತ್ತಿದ್ದಾಗ. ಜೂನ್ 14ರಂದು ಧ್ವನಿಮುದ್ರಣವಾಯಿತು. ಅದಕ್ಕೆ ಪಿಟೀಲು ಮೊದಲಾದ ನಾಲ್ಕು ತಂತಿವಾದ್ಯಗಳನ್ನು ಸೇರಿಸಬೇಕೆಂದು ಸೂಚಿಸಿದವರು ನಿರ್ಮಾಪಕ ಜಾರ್ಜ್ ಮಾರ್ಟಿನ್. ಕನಸು ಕೊಟ್ಟದ್ದು ಮಟ್ಟನ್ನು ಮಾತ್ರ. ಉಳಿದದ್ದನ್ನು ಎಚ್ಚರವಿದ್ದಾಗಲೇ ದುಡಿದು ಪಡೆಯಬೇಕಾಯಿತು.

ಅದೇ ವರ್ಷ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್‌ಗೂ ನಿದ್ದೆಯಲ್ಲೇ ಒಂದು ಗಿಟಾರ್ ಮಟ್ಟು ಹೊಳೆಯಿತು. ಹಾಸಿಗೆಯ ಬಳಿ ಇದ್ದ ರೆಕಾರ್ಡರಿನಲ್ಲಿ ಅದನ್ನು ಹಿಡಿದಿಟ್ಟದ್ದು ಅವನಿಗೆ ನೆನಪೇ ಇರಲಿಲ್ಲ. ಬೆಳಿಗ್ಗೆ ಟೇಪ್ ಹಾಕಿ ಕೇಳಿದರೆ ಸ್ವಲ್ಪ ಹೊತ್ತು ಗಿಟಾರ್, ಆಮೇಲೆ ನಲವತ್ತು ನಿಮಿಷ ಗೊರಕೆ! ಅದೇ 'ಸ್ಯಾಟಿಸ್‌ಫ್ಯಾಕ್ಷನ್' ಎಂಬ ಪ್ರಸಿದ್ಧ ಹಾಡಾಯಿತು. ಸ್ವಾರಸ್ಯವೆಂದರೆ, ಗಿಟಾರಿನ ಆ ಒರಟು ದನಿಯನ್ನು ಅವನು ಕರಡು ಎಂದೇ ಭಾವಿಸಿದ್ದ. ಆ ಜಾಗಕ್ಕೆ ಮುಂದೆ ತುತ್ತೂರಿಗಳು ಬರಬೇಕೆಂಬುದು ಅವನ ಎಣಿಕೆ. ತಂಡದ ಉಳಿದವರು ಹೀಗೇ ಇರಲಿ ಎಂದರು. ಕರಡೇ ಚರಿತ್ರೆಯಾಯಿತು. ಹಾಡು ಬರೆಯುವವನು ಏನನ್ನೂ ಸೃಷ್ಟಿಸುವುದಿಲ್ಲ, ಅವನು ರೇಡಿಯೋದ ಏರಿಯಲ್ ಇದ್ದಂತೆ, ಗಾಳಿಯಲ್ಲಿರುವುದನ್ನು ಹಿಡಿದು ಮುಂದಕ್ಕೆ ಕಳುಹಿಸುತ್ತಾನೆ ಎಂಬುದು ರಿಚರ್ಡ್ಸ್‌ನ ನಂಬಿಕೆ.

ಲೆನನ್‌ನ ಅನುಭವವೂ ಇದಕ್ಕೆ ಹತ್ತಿರದ್ದೇ. ಒಂದು ಬೆಳಿಗ್ಗೆ ಐದು ಗಂಟೆಗಳ ಕಾಲ ಅರ್ಥವತ್ತಾದ ಹಾಡೊಂದನ್ನು ಬರೆಯಲು ಹೆಣಗಾಡಿ, ಸೋತು, ಕೈಚೆಲ್ಲಿ ಮಲಗಿದನಂತೆ. ಮಲಗಿದ ಕೂಡಲೇ 'ನೋವೇರ್ ಮ್ಯಾನ್' ಮಾತು, ಮಟ್ಟು ಎರಡೂ ಕೂಡಿ ಪೂರ್ತಿಯಾಗಿ ಬಂದಿತೆಂದು 1980ರ ಸಂದರ್ಶನದಲ್ಲಿ ಹೇಳಿದ್ದಾನೆ. ಆ ಐದು ಗಂಟೆ ವ್ಯರ್ಥವಾಗಿತ್ತೇ? ನನಗೆ ಹಾಗೆನ್ನಿಸುವುದಿಲ್ಲ. ಲೆಕ್ಕ ಬಿಡಿಸಲಾಗದೆ ಮಲಗಿ, ಬೆಳಿಗ್ಗೆ ಉತ್ತರ ಹೊಳೆದ ಅನುಭವ ನಿಮ್ಮಲ್ಲಿ ಅನೇಕರಿಗಿದೆ. ರಾತ್ರಿ ತಲೆ ಕೆಡಿಸಿಕೊಳ್ಳದವನಿಗೆ ಬೆಳಿಗ್ಗೆ ಏನೂ ಹೊಳೆಯುವುದಿಲ್ಲ. ಇದೇ ಲೆನನ್ 1967ರಲ್ಲಿ, ಹಳೆಯ ಅಂಗಡಿಯೊಂದರಲ್ಲಿ ಕೊಂಡ 1843ರ ಸರ್ಕಸ್ ಭಿತ್ತಿಪತ್ರವನ್ನು ಎದುರಿಗಿಟ್ಟುಕೊಂಡು, ಅದರ ಮಾತುಗಳನ್ನೇ ಹೆಚ್ಚುಕಡಿಮೆ ಹಾಡಾಗಿ ಜೋಡಿಸಿದ. ಅದನ್ನು ಅವನು ಮುಚ್ಚಿಡಲೂ ಇಲ್ಲ. ಗಾಳಿಯಿಂದ ಹಿಡಿಯುವುದು, ಗೋಡೆಯಿಂದ ಎತ್ತಿಕೊಳ್ಳುವುದು, ಎರಡೂ ಅವರ ಕಸುಬಿನಲ್ಲಿದ್ದವು.

ಈಗ ಬೀಟಲ್ಸ್ ತಂಡದ ಮೂರನೆಯವನಾದ ಜಾರ್ಜ್ ಹ್ಯಾರಿಸನ್‌ನ ಕಥೆ. ಭಾರತೀಯರಾದ ನಮಗೆ ಇವನು ಹತ್ತಿರದವನು. 1966ರಲ್ಲಿ ಭಾರತಕ್ಕೆ ಬಂದು ಪಂಡಿತ್ ರವಿಶಂಕರ್ ಅವರ ಬಳಿ ಸಿತಾರ್ ಕಲಿಯಲು ಕುಳಿತವನು. ತಂಡ ಒಡೆದ ಮೇಲೆ, 1970ರ ನವೆಂಬರಿನಲ್ಲಿ ಅವನ 'ಮೈ ಸ್ವೀಟ್ ಲಾರ್ಡ್' ಅಮೆರಿಕದಲ್ಲಿ ಬಿಡುಗಡೆಯಾಯಿತು. ಕ್ರೈಸ್ತರ ಸ್ತುತಿಪದದಿಂದ ಆರಂಭವಾಗಿ ಹರೇ ಕೃಷ್ಣ ನಾಮಕ್ಕೆ ಹೊರಳುವ ಭಕ್ತಿಗೀತೆ ಅದು. ಜಗತ್ತಿನ ಮೂಲೆಮೂಲೆಗಳಲ್ಲಿ ಮೊಳಗಿತು. ಮೂರು ತಿಂಗಳಾಗುವಷ್ಟರಲ್ಲಿ ಅಮೆರಿಕದ ಪ್ರಕಾಶನ ಸಂಸ್ಥೆಯೊಂದು ದಾವೆ ಹೂಡಿತು. 1963ರಲ್ಲಿ ಶಿಫಾನ್ಸ್ ಎಂಬ ಹುಡುಗಿಯರ ತಂಡ ಹಾಡಿದ್ದ 'ಹೀ ಈಸ್ ಸೋ ಫೈನ್' ಹಾಡಿನ ಮಟ್ಟು ಇದು ಎಂಬುದು ಆರೋಪ. ಆ ಹಾಡನ್ನು ಬರೆದ ರಾನಿ ಮ್ಯಾಕ್ ಎಂಬ ತರುಣ 1963ರಲ್ಲೇ ತೀರಿಕೊಂಡಿದ್ದ.

1976ರಲ್ಲಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಯಿತು. ನ್ಯಾಯಾಧೀಶ ರಿಚರ್ಡ್ ಓವನ್ ಸ್ವತಃ ಒಪೆರಾಗಳನ್ನು ರಚಿಸಿದವರು. ಹ್ಯಾರಿಸನ್ ಗಿಟಾರ್ ಹಿಡಿದು, ಹಾಡು ಹೇಗೆ ಹುಟ್ಟಿತೆಂದು ನ್ಯಾಯಾಲಯದಲ್ಲೇ ನುಡಿಸಿ ತೋರಿಸಿದ. ತೀರ್ಪಿನಲ್ಲಿ ಎರಡೂ ಹಾಡುಗಳನ್ನು ಎರಡು ತುಣುಕುಗಳಾಗಿ ಬಿಡಿಸಿದ್ದಾರೆ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮೊದಲನೆಯದು ಪ-ಗ-ರಿ, ಎರಡನೆಯದು ಪ-ದ-ಸ-ದ-ಸ. ಸಂಗೀತ ಕಲಿತ ನಮ್ಮ ಹೆಣ್ಣುಮಕ್ಕಳು ಕೂಡಲೇ ಹೇಳಿಯಾರು, ಇವೆಲ್ಲ ಮೋಹನ ರಾಗದ ಸ್ವರಗಳು! ಅಷ್ಟು ಮಾತ್ರಕ್ಕೆ ಯಾರೂ ಯಾರ ಮೇಲೂ ದಾವೆ ಹೂಡುವಂತಿಲ್ಲ. ನ್ಯಾಯಾಧೀಶರೂ ಅದನ್ನು ಒಪ್ಪಿದರು. ತುಣುಕುಗಳು ಸಾಮಾನ್ಯವೇ. ಆದರೆ ಮೊದಲನೆಯದನ್ನು ನಾಲ್ಕು ಸಲ ಹಾಡಿ, ಅನಂತರ ಎರಡನೆಯದನ್ನು ಮತ್ತೆ ಮತ್ತೆ ಹಾಡುವ ಜೋಡಣೆ ಅಪರೂಪದ್ದು. ಎರಡನೆಯ ತುಣುಕಿನೊಳಗೆ ನುಸುಳುವ ಪುಟ್ಟ ಅಲಂಕಾರದ ಸ್ವರವೊಂದು ಎರಡೂ ಹಾಡುಗಳಲ್ಲಿ ಒಂದೇ ಜಾಗದಲ್ಲಿ ಬರುತ್ತದೆ.

ಹಾಗಾದರೆ ಹ್ಯಾರಿಸನ್ ಕದ್ದನೇ? ಇಲ್ಲ ಎಂದರು ನ್ಯಾಯಾಧೀಶರು. ಬೇಕೆಂದೇ ಕದ್ದದ್ದಲ್ಲ. ಕೇಳಿ ಮರೆತ ಹಾಡೊಂದು ಅವನ ಒಳಮನಸ್ಸಿನಲ್ಲಿತ್ತು. ಅವನು ಸ್ವರಗಳನ್ನು ಹುಡುಕುತ್ತಿದ್ದಾಗ, ಈ ಜೋಡಣೆ ಜನರಿಗೆ ಹಿಡಿಸುತ್ತದೆ ಎಂದು ಒಳಮನಸ್ಸು ತಿಳಿದಿತ್ತು, ಹೊರಮನಸ್ಸು ತಿಳಿದಿರಲಿಲ್ಲ. ಆದರೂ ಕಾನೂನಿನ ದೃಷ್ಟಿಯಲ್ಲಿ ಅದು ಉಲ್ಲಂಘನೆಯೇ. ಪರಿಹಾರದ ಮೊತ್ತ ಇತ್ಯರ್ಥವಾದದ್ದು 1981ರಲ್ಲಿ, 5,87,000 ಡಾಲರ್ ಎಂದು. ಆದರೆ ಹ್ಯಾರಿಸನ್‌ಗೆ ಹಣಕ್ಕಿಂತ ಹೆಚ್ಚಿನ ನಷ್ಟವಾಗಿತ್ತು. ಗಿಟಾರನ್ನೋ ಪಿಯಾನೋವನ್ನೋ ಮುಟ್ಟಿದರೆ ಇನ್ನಾರದೋ ಸ್ವರ ಕೈಗೆ ತಗುಲೀತೆಂಬ ಭಯ ಕೆಲಕಾಲ ತನ್ನನ್ನು ಕಾಡಿತೆಂದು ಹೇಳಿಕೊಂಡಿದ್ದಾನೆ. ಆ ಮೊಕದ್ದಮೆಯನ್ನೇ ವಸ್ತುವಾಗಿಟ್ಟುಕೊಂಡು 1976ರಲ್ಲಿ ತಮಾಷೆಯ ಹಾಡೊಂದನ್ನು ಹೊರತಂದ ಎನ್ನುವುದು ಬೇರೆ ಮಾತು.

ಇಬ್ಬರೂ ಗೆಳೆಯರು, ಒಂದೇ ತಂಡದವರು. ಇಬ್ಬರಿಗೂ ಮಟ್ಟು ತಾನಾಗಿ ಬಂತು. ಒಬ್ಬನು ಮನೆಮನೆಗೆ ಹೋಗಿ ಕೇಳಿದ, ಇನ್ನೊಬ್ಬನು ಕೇಳಲಿಲ್ಲ. ಅಷ್ಟೇ ವ್ಯತ್ಯಾಸ.

ಈ ಸಂಗೀತದ ಮೂಲವನ್ನು ನೆನೆದರೆ ವಿಷಯ ಇನ್ನೂ ಜಟಿಲವಾಗುತ್ತದೆ. ರಾಕ್ ಹುಟ್ಟಿದ್ದು ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳ ಒಡಲಿನಿಂದ. ನಮ್ಮ ಬೀಸುವ ಪದಗಳ ಹಾಗೆ ಅಲ್ಲಿಯೂ ಸಾಲುಗಳು ಬಾಯಿಂದ ಬಾಯಿಗೆ ಹರಿದಾಡುತ್ತಿದ್ದವು. ಒಬ್ಬನ ಸಾಲನ್ನು ಇನ್ನೊಬ್ಬ ಎತ್ತಿಕೊಂಡರೆ ಅದು ಕಳವಲ್ಲ, ಬಳಕೆ. ಆದರೆ ತಟ್ಟೆ ಮಾರಾಟವಾಗಿ ಹಣ ಹರಿಯತೊಡಗಿದ ಮೇಲೆ ಅದೇ ಬಳಕೆ ಅನ್ಯಾಯವಾಯಿತು. 1969ರಲ್ಲಿ ಲೆಡ್ ಝೆಪ್ಪೆಲಿನ್ ತಂಡ ಹೊರತಂದ 'ಹೋಲ್ ಲಾಟಾ ಲವ್' ಹಾಡಿನಲ್ಲಿ, ಷಿಕಾಗೋದ ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ ಹಾಡಿದ್ದ ಬ್ಲೂಸ್ ಹಾಡೊಂದರ ಮಾತುಗಳಿದ್ದವು. ಡಿಕ್ಸನ್ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಅವರು 1985ರಲ್ಲಿ ದಾವೆ ಹೂಡಬೇಕಾಯಿತು. 1987ರಲ್ಲಿ ರಾಜಿಯಾಯಿತು, ಹೆಸರೂ ಸೇರಿತು. ಗಾಳಿಯಿಂದ ಬಂತು ಎನ್ನುವ ಮಾತು ಕೇಳಲು ಇಂಪಾಗಿದೆ. ಆ ಗಾಳಿ ಬೀಸಿದ್ದು ಯಾವ ಬಡವನ ಮನೆಯ ಕಡೆಯಿಂದ ಎಂದು ಕೇಳುವವರೂ ಬೇಕು.

ಏರಿಯಲ್ ಮಾತನಾಡಿದ ರಿಚರ್ಡ್ಸ್‌ಗೇ ಈ ಪರೀಕ್ಷೆ ಎದುರಾಯಿತು. 1997ರಲ್ಲಿ ಅವನ ತಂಡದ ಹೊಸ ಹಾಡು ಸಿದ್ಧವಾಗಿತ್ತು. ಮನೆಯಲ್ಲಿ ಅದನ್ನು ಹಾಕಿದಾಗ ಅವನ ಮಗಳು ಅದರ ಮೇಲೆ ಬೇರೊಂದು ಹಾಡನ್ನು ಹಾಡತೊಡಗಿದಳು. ಅದು ಕೆನಡಾದ ಗಾಯಕಿ ಕೆ.ಡಿ. ಲ್ಯಾಂಗ್ ಅವರ 1992ರ ಹಾಡು. ಎಲ್ಲೋ ಕೇಳಿದ್ದು ಒಳಗೆ ಇಳಿದಿತ್ತು. ಯಾರೂ ದಾವೆ ಹೂಡುವ ಮೊದಲೇ ಲ್ಯಾಂಗ್ ಮತ್ತು ಅವರ ಜೊತೆಗಾರನ ಹೆಸರುಗಳನ್ನು ಹಾಡಿನ ಕರ್ತೃಗಳ ಸಾಲಿಗೆ ಸೇರಿಸಿದರು. ಹಾಡೂ ಉಳಿಯಿತು, ಮಾನವೂ ಉಳಿಯಿತು.

ಇನ್ನು ನನ್ನ ತಪ್ಪಿನ ವಿಷಯ. 1992ರ ಸುಮಾರಿಗೆ ನಮ್ಮ ಶಾಲೆಯಲ್ಲಿ ಕೈಬರಹದ ಪತ್ರಿಕೆಯೊಂದನ್ನು ತರುತ್ತಿದ್ದೆವು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮಳೆಯ ಮೇಲೆ ಒಂದು ಪದ್ಯ ಬರೆದು ತಂದ. ಚೆನ್ನಾಗಿತ್ತು. ಆದರೆ ನಡುವಿನ ನಾಲ್ಕು ಸಾಲುಗಳು ಹಳೆಯ ಪಠ್ಯಪುಸ್ತಕದ ಪದ್ಯವೊಂದನ್ನು ಬಹಳವಾಗಿ ಹೋಲುತ್ತಿದ್ದವು. ನಾನು ಅವನನ್ನು ಕರೆದು ಕೇಳಲಿಲ್ಲ. ಇಡೀ ತರಗತಿಯ ಮುಂದೆ ಎರಡನ್ನೂ ಓದಿ, "ಇದಕ್ಕೆ ಏನೆನ್ನುತ್ತಾರೆ?" ಎಂದೆ. ಮಕ್ಕಳು ಒಕ್ಕೊರಲಿನಿಂದ "ಕಳ್ಳತನ ಸಾರ್" ಎಂದರು. ಆ ಹುಡುಗ ತಲೆ ತಗ್ಗಿಸಿ, "ಇಲ್ಲ ಸಾರ್, ತಾನಾಗೇ ಬಂತು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೆಲವು ವರ್ಷಗಳ ಹಿಂದೆ ಮದುವೆಯ ಮನೆಯೊಂದರಲ್ಲಿ ಅವನು ಸಿಕ್ಕ. ಕಾಲಿಗೆರಗಿ, ಪಕ್ಕದಲ್ಲೇ ಊಟಕ್ಕೆ ಕುಳಿತ. ನಾನೇ ಆ ಮಾತು ತೆಗೆದೆ. ಅವನು ಬಹಳ ಸಮಾಧಾನದಿಂದಲೇ ಹೇಳಿದ: "ಆಮೇಲೆ ಗೊತ್ತಾಯ್ತು ಸಾರ್. ನಮ್ಮ ಅಕ್ಕ ಹೈಸ್ಕೂಲಿನಲ್ಲಿದ್ದಾಗ ಒಲೆಯ ಮುಂದೆ ಕೂತು ಆ ಪದ್ಯ ಬಾಯಿಪಾಠ ಮಾಡುತ್ತಿದ್ದಳಂತೆ. ನಾನಾಗ ಇನ್ನೂ ಶಾಲೆಗೇ ಸೇರಿರಲಿಲ್ಲ." ಮುಂದೆ ಮತ್ತೇನಾದರೂ ಬರೆದೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿ, ಪಾಯಸ ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನೊಂದು ಸೌಟು ಹಾಕಿಸಿದ.

ಹ್ಯಾರಿಸನ್‌ನ ವಿಷಯದಲ್ಲಿ ನ್ಯಾಯಾಧೀಶರು ಗುರುತಿಸಿದ್ದೂ ಇದನ್ನೇ. ಅವರು ತೀರ್ಪು ಕೊಡುವ ಮುನ್ನ ವಾದವನ್ನು ಪೂರ್ತಿಯಾಗಿ ಕೇಳಿದ್ದರು, ಬೇಕೆಂದು ಮಾಡಿದ್ದಲ್ಲವೆಂದು ಬರೆದೂ ಇದ್ದರು. ನಾನು ಆ ಹುಡುಗನಿಗೆ ಅಷ್ಟನ್ನೂ ಮಾಡಲಿಲ್ಲ. ನಿಮ್ಮಲ್ಲಿ ಹಲವರು ಈಗ ನನ್ನಂತೆಯೇ ಮೇಷ್ಟ್ರುಗಳಾಗಿದ್ದೀರಿ. ಮಗುವೊಂದು ಬರೆದು ತಂದದ್ದರಲ್ಲಿ ಬೇರೆಯವರ ಸಾಲು ಕಂಡರೆ ಮೊದಲು ಪಕ್ಕಕ್ಕೆ ಕರೆದು, ಇದನ್ನು ಎಲ್ಲಿಯಾದರೂ ಕೇಳಿದ್ದೆಯಾ ಎಂದು ವಿಚಾರಿಸಿ. ಮೂಲವನ್ನು ತೋರಿಸಿ. ಆ ನಾಲ್ಕು ಸಾಲು ಬಿಟ್ಟು ಉಳಿದದ್ದು ಅದರದೇ ಎಂದೂ ಹೇಳಿ.

ಆ ಪದ್ಯದ ಉಳಿದ ಸಾಲುಗಳನ್ನು ಇಲ್ಲಿ ಪ್ರಕಟಿಸಬೇಕೆಂಬ ಆಸೆ ನನಗಿತ್ತು. ಅವನ ಬಳಿ ಪ್ರತಿ ಇಲ್ಲ. ನನ್ನ ಬಳಿಯೂ ಇಲ್ಲ. ಅಂದು ಆ ಹಾಳೆಯನ್ನು ತರಗತಿಯಲ್ಲೇ ಹರಿದುಹಾಕಿದವನು ನಾನೇ.

ಇಂತಿ,
ನಿಮ್ಮ ಮೇಷ್ಟ್ರು