ಒಂದು ಆಂಪ್, ಎರಡು ನಕಲು

ಹಳೇ ಗಿಟಾರ್ ಆಂಪ್‌ಗಳ ಹುಚ್ಚು ಹತ್ತಿದವರ ಮುಂದೆ ‘59ರ ಬಾಸ್‌ಮನ್’ ಅಂತ ಒಂದು ಸಲ ಅಂದು ನೋಡಿ, ಮುಖ ಅರಳುತ್ತೆ. ಫೆಂಡರ್ ಕಂಪನಿ 1990ರಲ್ಲಿ ಆ ಆಂಪನ್ನು ಮತ್ತೆ ತಯಾರಿಸಿ ಮಾರಾಟಕ್ಕೆ ಬಿಟ್ಟಿತು. ಅದೇ ಹಳದಿ ಟ್ವೀಡ್ ಹೊದಿಕೆ, ಅದೇ ನಾಲ್ಕು ಹತ್ತಿಂಚಿನ ಸ್ಪೀಕರ್, ಅದೇ ಗುಬುಟುಗಳು. ಮೂಲಕ್ಕೆ ನಿಷ್ಠವಾದ ಮರುತಯಾರಿಕೆ ಅನ್ನೋದು ಇಂಥವುಗಳ ಹೆಗ್ಗಳಿಕೆ. ವಾರಾಂತ್ಯದಲ್ಲಿ ಗಿಟಾರ್ ಹಿಡಿಯೋ ನನಗೂ ಆ ಪೆಟ್ಟಿಗೆ ಮೇಲೆ ಆಸೆ ಇದೆ, ಸುಳ್ಳು ಹೇಳಲ್ಲ. ಆದರೆ ‘ನಿಷ್ಠ’ ಅನ್ನೋ ಮಾತು ಕೇಳಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತೆ: ಯಾವುದಕ್ಕೆ ನಿಷ್ಠೆ?

ಕಥೆ ಶುರುವಾಗೋದು ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ. ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿ ಮಾಡ್ತಿದ್ದವನು. ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. 1951ರಲ್ಲಿ ಪ್ರಿಸಿಷನ್ ಬಾಸ್ ಅನ್ನೋ ಎಲೆಕ್ಟ್ರಿಕ್ ಬಾಸ್ ಗಿಟಾರ್ ತಂದ. ಅದರ ದನಿ ಜನಕ್ಕೆ ಕೇಳಿಸಬೇಕಲ್ಲ, ಹಾಗಾಗಿ 1952ರಲ್ಲಿ ಬಾಸ್‌ಮನ್ ಬಂತು. ಮೊದಲು ಅದಕ್ಕಿದ್ದದ್ದು ಒಂದೇ ಹದಿನೈದಿಂಚಿನ ಸ್ಪೀಕರ್. ಆಮೇಲೆ ಹತ್ತಿಂಚಿನವು ನಾಲ್ಕಾದವು. ಸಂಗೀತಗಾರರು ನುಡಿಸಿ ನೋಡಿ ದೂರು ಹೇಳೋರು, ಲಿಯೋ ತಿದ್ದೋನು. ಇಂದು ಎಲ್ಲರೂ ಜಪಿಸೋ 59ರ ಸರ್ಕ್ಯೂಟಿನ ಹೆಸರು 5ಎಫ್6-ಎ. ಇದರಲ್ಲಿ 5 ಅಂದರೆ ಐವತ್ತರ ದಶಕ, 6 ಅಂದರೆ ಮಾಡೆಲ್, ‘ಎಫ್’ ಅಂದರೆ ಎಷ್ಟನೇ ಪರಿಷ್ಕರಣೆ ಅನ್ನೋ ಲೆಕ್ಕ. ಕೊನೆಯ ‘ಎ’ ಆ ತಿದ್ದುಪಡಿಗೂ ಮತ್ತೊಂದು ತಿದ್ದುಪಡಿ. ಹಳಗನ್ನಡ ಓದಿದವರಿಗೆ ಪಾಠಾಂತರ ಅನ್ನೋ ಮಾತು ಗೊತ್ತಿರುತ್ತೆ. ನಾವು ಮೂಲ ಅಂತ ಪೂಜಿಸ್ತಿರೋದು ಅಂಥ ಒಂದು ಪಾಠಾಂತರವನ್ನೇ. 1961ರ ಹೊತ್ತಿಗೆ ಲಿಯೋ ಅದನ್ನೂ ಬಿಟ್ಟು, ಆಂಪ್ ಬೇರೆ ಸ್ಪೀಕರ್ ಪೆಟ್ಟಿಗೆ ಬೇರೆ ಮಾಡಿದ ಹೊಸ ಬಾಸ್‌ಮನ್ ಕಡೆ ಹೋಗಿಯಾಗಿತ್ತು.

ಇನ್ನೊಂದು ತಮಾಷೆ ಇದೆ. ಬಾಸ್‌ಗೆಂದು ಮಾಡಿದ ಈ ಆಂಪನ್ನು ಗಿಟಾರ್‌ನವರು ಎತ್ತಿಕೊಂಡರು. ಗಿಟಾರ್ ಸಿಕ್ಕಿಸಿ ವಾಲ್ಯೂಮ್ ಏರಿಸಿದರೆ ಒಂದು ಹಂತದಲ್ಲಿ ವಾಲ್ವ್‌ಗಳಿಗೆ ತಡೆಯೋಕಾಗಲ್ಲ, ದನಿ ಸ್ವಲ್ಪ ಒಡೆಯುತ್ತೆ. ಇಂಜಿನಿಯರ್ ಲೆಕ್ಕದಲ್ಲಿ ಅದು ದೋಷ. ಬ್ಲೂಸ್ ನುಡಿಸೋರಿಗೆ ಬೇಕಾಗಿದ್ದೇ ಅದು. ಇವತ್ತು ಮರುತಯಾರಿಕೆಗೆ ದುಡ್ಡು ಸುರಿಯೋದು ಲಿಯೋ ಕೊಡಬೇಕು ಅಂದುಕೊಂಡ ಶುದ್ಧ ದನಿಗಲ್ಲ, ಆ ಒಡಕಿಗೆ.

ಮೊದಲ ನಕಲು ಹುಟ್ಟಿದ್ದು ಲಂಡನ್ನಿನ ಪಶ್ಚಿಮಕ್ಕಿರೋ ಹ್ಯಾನ್‌ವೆಲ್‌ನಲ್ಲಿ. ಡ್ರಮ್ ಮೇಷ್ಟ್ರು ಜಿಮ್ ಮಾರ್ಷಲ್ 1960ರಲ್ಲಿ ಅಲ್ಲೊಂದು ವಾದ್ಯಗಳ ಅಂಗಡಿ ತೆರೆದ. ಗಿಟಾರ್ ಹುಡುಗರಿಗೆ ಅಮೆರಿಕದ ಆಂಪ್ ಬೇಕು, ಆದರೆ ಹಡಗಿನಲ್ಲಿ ಬಂದ ಮಾಲು ವಿಪರೀತ ದುಬಾರಿ. ಅಂಗಡಿಯ ರಿಪೇರಿ ನೋಡ್ತಿದ್ದ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ಹುಡುಗ, ಬಾಸ್‌ಮನ್ ಸರ್ಕ್ಯೂಟನ್ನೇ ಹಿಡಿದು 1962ರಲ್ಲಿ ತಮ್ಮದೊಂದು ಆಂಪ್ ಕಟ್ಟಿದರು. ಜಿಮ್ ಮತ್ತು ಅವನ ಮಗ ಟೆರ್ರಿ ಹೆಸರಲ್ಲಿ ಅದು ‘ಜೆಟಿಎಂ45’ ಆಯ್ತು. ಸರ್ಕ್ಯೂಟ್ ಹೆಚ್ಚುಕಡಿಮೆ ಅದೇ. ಆದರೆ ಬಿಡಿಭಾಗಗಳು ಬಹುಪಾಲು ಇಂಗ್ಲೆಂಡಿನವು. ಮೊದಲ ಹಂತಕ್ಕೆ ಇನ್ನೂ ಹೆಚ್ಚು ಹಿಗ್ಗಿಸೋ ವಾಲ್ವ್ ಹಾಕಿದರು. ತೆರೆದ ಬೆನ್ನಿನ ಪೆಟ್ಟಿಗೆಯ ಹತ್ತಿಂಚಿನ ಜೆನ್ಸನ್ ಬದಲು, ಮುಚ್ಚಿದ ಪೆಟ್ಟಿಗೆಯಲ್ಲಿ ಹನ್ನೆರಡಿಂಚಿನ ಸೆಲೆಸ್ಟಿಯನ್ ಸ್ಪೀಕರ್‌ಗಳು ಬಂದವು. ದನಿ ಬೇರೆಯೇ ಆಯ್ತು. ಇದೇ ವಂಶದ ಒಂದು ಆಂಪ್ ಹಿಡಿದು ಎರಿಕ್ ಕ್ಲಾಪ್ಟನ್ 1966ರಲ್ಲಿ ಜಾನ್ ಮೇಯಲ್ ಜೊತೆ ‘ಬ್ಲೂಸ್ ಬ್ರೇಕರ್ಸ್’ ಆಲ್ಬಂ ಮಾಡಿದ. ಆ ಆಂಪಿನ ಮಾಡೆಲ್ ನಂಬರ್ 1962. ಅದು ಇಸವಿ ಅಲ್ಲ, ಎಷ್ಟೋ ಜನ ಹಾಗಂದ್ಕೋತಾರೆ. ಮುಂದೆ ಮಾರ್ಷಲ್ ಕಂಪನಿ ಇದನ್ನೂ ಮರುತಯಾರಿಸಿತು. ನಕಲಿಗೂ ನಿಷ್ಠಾವಂತ ನಕಲು!

ಇತ್ತ ಫೆಂಡರ್ ಕೈ ಬದಲಾಯಿಸಿತು. 1965ರಲ್ಲಿ ಲಿಯೋ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಸಿಬಿಎಸ್‌ಗೆ ಮಾರಿದ. 1985ರಲ್ಲಿ ಬಿಲ್ ಶುಲ್ಟ್ಸ್ ನೇತೃತ್ವದ ಗುಂಪೊಂದು ಅದನ್ನು ಸಿಬಿಎಸ್‌ನಿಂದ ಕೊಂಡಾಗ ಫುಲರ್ಟನ್‌ನ ಹಳೇ ಕಾರ್ಖಾನೆ ವ್ಯಾಪಾರದಲ್ಲಿ ಸೇರಿರಲಿಲ್ಲ. ಹೆಸರು ಮತ್ತು ವಿನ್ಯಾಸಗಳೇ ದೊಡ್ಡ ಆಸ್ತಿ. ಹಳೆಯದನ್ನು ಮತ್ತೆ ಮಾಡೋದು ವ್ಯಾಪಾರದ ದಾರಿಯಾದದ್ದರಲ್ಲಿ ಆಶ್ಚರ್ಯ ಇಲ್ಲ. 59ರ ಬಾಸ್‌ಮನ್ ಮತ್ತೆ ಬಂದಾಗ ಲಿಯೋ ಇನ್ನೂ ಬದುಕಿದ್ದ. ಅದೇ ಊರಲ್ಲಿ ಜಿ ಆ್ಯಂಡ್ ಎಲ್ ಅನ್ನೋ ಬೇರೆ ಕಂಪನಿಯಲ್ಲಿ ಹೊಸ ಗಿಟಾರ್‌ಗಳ ಕೆಲಸದಲ್ಲಿದ್ದ. ಮರುವರ್ಷ ತೀರಿಕೊಂಡ.

ಮರುತಯಾರಿಕೆಯ ಬೆನ್ನು ಬಿಚ್ಚಿದರೆ ವ್ಯತ್ಯಾಸ ಕಾಣುತ್ತೆ. ಮೂಲದಲ್ಲಿ ಫೈಬರ್ ಹಲಗೆಯ ಮೇಲೆ ರೆಸಿಸ್ಟರ್, ಕೆಪಾಸಿಟರ್‌ಗಳನ್ನ ಸಾಲಾಗಿ ಕೂರಿಸಿ, ಕೈಯಲ್ಲೇ ವೈರ್ ಎಳೆದು ಸೋಲ್ಡರ್ ಮಾಡ್ತಿದ್ದರು. 1990ರದ್ದರಲ್ಲಿ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್. ಎಸಿ ಕರೆಂಟನ್ನು ಡಿಸಿ ಮಾಡೋ ರೆಕ್ಟಿಫೈಯರ್ ವಾಲ್ವ್ ಜಾಗದಲ್ಲಿ ಡಯೋಡ್. ಗ್ರಾಹಕರು ಗೊಣಗಿದರು. 2004ರ ಹೊತ್ತಿಗೆ ಬಂದ ‘ಎಲ್‌ಟಿಡಿ’ ಆವೃತ್ತಿಯಲ್ಲಿ ವಾಲ್ವ್ ರೆಕ್ಟಿಫೈಯರ್ ವಾಪಸ್ ಬಂತು, ಜೆನ್ಸನ್ ಹೆಸರಿನ ಸ್ಪೀಕರ್ ಬಂತು. ಆ ಜೆನ್ಸನ್ ಕೂಡ ಇಟಲಿಯಲ್ಲಿ ತಯಾರಾಗೋ ಮರುತಯಾರಿಕೆ. ಬೋರ್ಡ್ ಮಾತ್ರ ಬೋರ್ಡಾಗೇ ಉಳೀತು.

ನನ್ನ ತಕರಾರು ದನಿಯದ್ದಲ್ಲ. ಕಣ್ಣು ಕಟ್ಟಿ ಎರಡನ್ನೂ ನುಡಿಸಿದರೆ ನನ್ನಂಥವನಿಗೆ ವ್ಯತ್ಯಾಸ ಗೊತ್ತಾಗೋದು ಅನುಮಾನ. ನನಗೆ ಮುಖ್ಯ ಅನ್ನಿಸೋದು ಬೇರೆ. ನಮ್ಮ ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೋ ವಾಲ್ವ್ ತಯಾರಿಸ್ತಿತ್ತು. ಆ ಕಾಲದ ರೇಡಿಯೋ ಕೆಟ್ಟರೆ ಊರಿನ ರಿಪೇರಿಯವನು ಹಿಂದಿನ ಮುಚ್ಚಳ ತೆಗೆದು, ಯಾವ ವಾಲ್ವ್ ಹೋಗಿದೆ ಅಂತ ನೋಡಿ ಬದಲಿಸಿ ಕೊಡ್ತಿದ್ದ. ಬಾಸ್‌ಮನ್ ಕೂಡ ಅದೇ ಜಾತಿಯ ವಸ್ತು. ರಿಪೇರಿಯವನೊಬ್ಬ ಇನ್ನೊಬ್ಬ ರಿಪೇರಿಯವನಿಗೆ ಅರ್ಥವಾಗೋ ಹಾಗೆ ಕಟ್ಟಿದ್ದು. ಹಾಗಿದ್ದಿದ್ದಕ್ಕೇ ಹ್ಯಾನ್‌ವೆಲ್‌ನ ಇಬ್ಬರು ಅದನ್ನು ಓದಿಕೊಂಡು, ತಮಗೆ ಸಿಕ್ಕಿದ್ದರಲ್ಲಿ ತಮ್ಮದನ್ನ ಕಟ್ಟೋಕೆ ಆಯ್ತು.

ಎರಡು ನಕಲುಗಳಲ್ಲಿ ಫೆಂಡರ್‌ನದ್ದು ರೂಪ ಉಳಿಸ್ತು, ಹೆಚ್ಚುಕಡಿಮೆ ದನಿಯನ್ನೂ ಉಳಿಸ್ತು. ಮಾರ್ಷಲ್‌ದು ಎರಡನ್ನೂ ಬಿಟ್ಟು, ಲಿಯೋ ಕೆಲಸ ಮಾಡ್ತಿದ್ದ ರೀತಿಯನ್ನು ಉಳಿಸಿಕೊಳ್ತು: ನೋಡು, ತಿದ್ದು, ನುಡಿಸೋರ ಕೈಗೆ ಕೊಡು. ನನ್ನ ಪ್ರಕಾರ ಹೆಚ್ಚು ನಿಷ್ಠ ನಕಲು ಅದೇ.

ಇಷ್ಟಾಗಿಯೂ ನೀವು 59 ಕೊಳ್ಳೋದಾದರೆ ಖಂಡಿತ ಕೊಳ್ಳಿ, ಒಳ್ಳೇ ಆಂಪ್. ಟ್ವೀಡ್ ನೋಡಿ ಮರುಳಾಗೋ ಮುಂಚೆ ಅಂಗಡಿಯವರಿಗೆ ಒಂದೇ ಒಂದು ಪ್ರಶ್ನೆ ಕೇಳಿ: ಹತ್ತು ವರ್ಷ ಆದಮೇಲೆ ಇದು ಕೆಟ್ಟರೆ, ಈ ಊರಲ್ಲಿ ಇದನ್ನ ಬಿಚ್ಚಿ ಸರಿಮಾಡೋರು ಯಾರಿದ್ದಾರೆ?