ಬಂದರಿನಿಂದ ತರಗತಿಗೆ: ಅಂತಾರಾಷ್ಟ್ರೀಯ ವ್ಯವಹಾರ ಶಿಕ್ಷಣ ನಡೆದುಬಂದ ದಾರಿ



ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು? ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳ ಮುಂದೆ ಬಿ.ಕಾಂ. ಮತ್ತು ಬಿಬಿಎ ಜೊತೆಗೆ ಈಗ 'ಇಂಟರ್‌ನ್ಯಾಷನಲ್ ಬಿಸಿನೆಸ್' ಎಂಬ ಹೆಸರೂ ಕಾಣಿಸುತ್ತದೆ. ಹೆಸರು ಆಕರ್ಷಕ, ಶುಲ್ಕ ಹಲವೆಡೆ ದುಬಾರಿ. "ವ್ಯಾಪಾರವನ್ನು ಕಾಲೇಜಿನಲ್ಲಿ ಕಲಿಯುತ್ತಾರೆಯೇ? ಅಂಗಡಿಯಲ್ಲಿ ಕುಳಿತು ಕಲಿಯುವುದಲ್ಲವೇ?" ಎಂದು ಹಿರಿಯರು ಕೇಳುವುದೂ ಉಂಟು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಬೇಕಾದರೆ ಪರದೇಶದ ವ್ಯಾಪಾರವನ್ನು ಹಿಂದಿನವರು ಹೇಗೆ ಕಲಿತರು, ಅದು ಯಾವಾಗ ಮತ್ತು ಏಕೆ ವಿಶ್ವವಿದ್ಯಾಲಯದ ವಿಷಯವಾಯಿತು ಎಂಬುದನ್ನು ನೋಡಬೇಕಾಗುತ್ತದೆ.

ಕರಾವಳಿಯ ಹಳೆಯ ಪಾಠ

ಈ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ಮಂಗಳೂರಿನಲ್ಲೇ ಇದೆ. ಇಂದಿನ ಟುನೀಶಿಯಾದ ಮಹದಿಯಾ ಪಟ್ಟಣದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಸುಮಾರು 1132ರಿಂದ 1149ರವರೆಗೆ ಮಂಗಳೂರಿನ ಕಡೆ ನೆಲೆಸಿದ್ದನು. ಮೆಣಸು ಮೊದಲಾದ ಸಾಂಬಾರ ಪದಾರ್ಥಗಳನ್ನು ಏಡನ್‌ಗೆ ಕಳುಹಿಸುತ್ತಿದ್ದನು. ಅಲ್ಲಿಂದ ಬಂದ ಹಳೆಯ ಹಿತ್ತಾಳೆ, ತಾಮ್ರಗಳನ್ನು ಇಲ್ಲಿ ಕರಗಿಸಿ ಪಾತ್ರೆ ಮಾಡಿಸುತ್ತಿದ್ದನು. ಅವನ ಪತ್ರಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರವೊಂದರ ಕಾಗದದ ರಾಶಿಯಲ್ಲಿ ಉಳಿದುಕೊಂಡವು. ಆ ರಾಶಿಯ ಬಹುಭಾಗ 19ನೆಯ ಶತಮಾನದ ಕೊನೆಗೆ ಕೇಂಬ್ರಿಜ್ ಸೇರಿತು. ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅವುಗಳಲ್ಲಿ ಲೆಕ್ಕವಿದೆ, ಸರಕಿನ ಪಟ್ಟಿಯಿದೆ, ತಡವಾದ ಹಣದ ಬಗ್ಗೆ ದೂರಿದೆ. ಬೊಮ್ಮ ಎಂಬ ಇಲ್ಲಿನ ಸೇವಕ ಅವನ ಪರವಾಗಿ ಏಡನ್‌ವರೆಗೆ ಹೋಗಿ ವ್ಯವಹಾರ ನಡೆಸುತ್ತಿದ್ದ ವಿವರವೂ ಇದೆ. ಯಹೂದಿ, ಮುಸ್ಲಿಂ ಮತ್ತು ಹಿಂದೂ ವರ್ತಕರು ಒಂದೇ ವ್ಯಾಪಾರದ ಜಾಲದಲ್ಲಿದ್ದರು ಎಂಬುದು ಇಲ್ಲಿ ಗಮನಾರ್ಹ.

ಸುಮಾರು ಇನ್ನೂರು ವರ್ಷಗಳ ನಂತರ, 1340ರ ದಶಕದಲ್ಲಿ, ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದನು. ಅಲ್ಲಿನ ಜನ ಕಡಲ ವ್ಯಾಪಾರವನ್ನೇ ನಂಬಿ ಬದುಕುತ್ತಿದ್ದರೆಂದು ಅವನು ಬರೆದಿದ್ದಾನೆ. ಅದೇ ಊರಿನಲ್ಲಿ ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡೆನೆಂದೂ ಹೇಳಿದ್ದಾನೆ. ಅವು ಧಾರ್ಮಿಕ ಶಿಕ್ಷಣದ ಶಾಲೆಗಳು, ವ್ಯಾಪಾರ ಕಲಿಸುವ ಶಾಲೆಗಳಲ್ಲ. ಆದರೂ ಕಡಲ ವ್ಯಾಪಾರದ ಊರೊಂದು ತನ್ನ ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳಿಗೂ ಓದಲು ಬರಬೇಕೆಂದು ಬಯಸಿತ್ತು ಎಂಬುದನ್ನು ನಾವು ಮರೆಯಬಾರದು.

ಆ ಕಾಲದಲ್ಲಿ ವ್ಯಾಪಾರದ ಪಾಠ ನಡೆಯುತ್ತಿದ್ದುದು ಮನೆಯಲ್ಲಿ ಮತ್ತು ಹಡಗಿನಲ್ಲಿ. ತಂದೆ ಮಗನಿಗೆ, ಮಾವ ಅಳಿಯನಿಗೆ, ಯಜಮಾನ ಗುಮಾಸ್ತನಿಗೆ ಕಲಿಸುತ್ತಿದ್ದರು. ಬರೆದಿಟ್ಟವರು ಕಡಿಮೆ. ಅಬುಲ್ ಫಜ್ಲ್ ಜಾಫರ್ ಬಿನ್ ಅಲಿ ಅದ್ದಿಮಿಶ್ಕಿ ಎಂಬವರು ಅರಬ್ಬಿಯಲ್ಲಿ ಬರೆದ ವ್ಯಾಪಾರದ ಗ್ರಂಥವು ಅಂತಹ ಅಪರೂಪದ ಕೃತಿಗಳಲ್ಲೊಂದು. ಅವರು ವರ್ತಕರನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ಸರಕು ಸಂಗ್ರಹಿಸಿಟ್ಟು ಬೆಲೆ ಏರಿದಾಗ ಮಾರುವವನು, ಊರಿಂದೂರಿಗೆ ಸರಕು ಹೊತ್ತು ತಿರುಗುವವನು, ತಾನು ಊರಲ್ಲೇ ಇದ್ದು ದೂರದ ಊರಿನ ನಂಬಿಕಸ್ತ ಪ್ರತಿನಿಧಿಯ ಮೂಲಕ ಮಾರಿಸುವವನು. ತಿರುಗುವ ವರ್ತಕನು ಸ್ವದೇಶದ ಬೆಲೆಗಳ ಪಟ್ಟಿಯನ್ನು ಜೊತೆಗಿಟ್ಟುಕೊಂಡು, ಸುಂಕವನ್ನೂ ಲೆಕ್ಕ ಹಾಕಿ ಕೊಳ್ಳಬೇಕೆಂಬುದು ಅವರ ಸಲಹೆ. ಇಂದಿನ ತರಗತಿಯಲ್ಲಿ ದಾಸ್ತಾನು, ರಫ್ತು ಬೆಲೆ ನಿರ್ಣಯ, ವಿದೇಶಿ ಏಜೆಂಟ್ ಎಂಬ ಹೆಸರಿನಲ್ಲಿ ಓದುವುದು ಬಹುಮಟ್ಟಿಗೆ ಇದನ್ನೇ.

ಪುಸ್ತಕಕ್ಕೆ ಬಂದ ವ್ಯಾಪಾರ

ಯುರೋಪಿನ ವರ್ತಕರು ಮೆಡಿಟರೇನಿಯನ್ ಸಮುದ್ರದ ಆಚೆಯವರಿಂದ ಬಹಳಷ್ಟು ಕಲಿತರು. ಪೀಸಾ ನಗರದ ಲಿಯೊನಾರ್ಡೊ ಫಿಬೊನಾಚಿ ಉತ್ತರ ಆಫ್ರಿಕಾದ ಬಂದರಿನಲ್ಲಿ ಭಾರತೀಯ ಅಂಕಿಗಳ ಲೆಕ್ಕವನ್ನು ಕಲಿತು 1202ರಲ್ಲಿ ಅದರ ಬಗ್ಗೆ ಗ್ರಂಥ ಬರೆದನು. ನಾಣ್ಯ ವಿನಿಮಯ, ಪಾಲುದಾರಿಕೆ, ಸರಕಿನ ಬೆಲೆ ಮುಂತಾದ ವರ್ತಕರ ಲೆಕ್ಕಗಳು ಅದರಲ್ಲಿ ತುಂಬಿವೆ. ಫ್ಲಾರೆನ್ಸ್‌ನ ಪೆಗೊಲೊಟ್ಟಿ ಸುಮಾರು 1340ರಲ್ಲಿ ಬೇರೆ ಬೇರೆ ಪೇಟೆಗಳ ತೂಕ, ಅಳತೆ, ನಾಣ್ಯ ಮತ್ತು ಸುಂಕಗಳ ಕೈಪಿಡಿ ಬರೆದನು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತ ಗ್ರಂಥವು ಜಮಾ-ಖರ್ಚಿನ ಇಬ್ಬಗೆಯ ನಮೂದನ್ನು ವಿವರಿಸಿತು. ಮನೆಯ ಗುಟ್ಟಾಗಿದ್ದ ವಿದ್ಯೆ ಹೀಗೆ ನಿಧಾನವಾಗಿ ಪುಸ್ತಕಕ್ಕೆ ಬಂತು. ವರ್ತಕನ ಮನೆಯಲ್ಲಿ ಹುಟ್ಟದವನೂ ಓದಿ ಕಲಿಯಬಹುದಾದ ದಾರಿ ಇಲ್ಲಿಂದ ತೆರೆಯಿತು.

ಕಾಲೇಜು ಹುಟ್ಟಿದ ಕಾಲ

ಪುಸ್ತಕದಿಂದ ಕಾಲೇಜಿಗೆ ಬರಲು ಇನ್ನೂ ಮುನ್ನೂರು ವರ್ಷ ಬೇಕಾಯಿತು. 1819ರಲ್ಲಿ ಪ್ಯಾರಿಸ್‌ನಲ್ಲಿ ವಾಣಿಜ್ಯಕ್ಕೆಂದೇ ವಿಶೇಷ ಶಾಲೆ ಆರಂಭವಾಯಿತು. 1868ರಲ್ಲಿ ವೆನಿಸ್‌ನ ಕಾ ಫೋಸ್ಕರಿಯಲ್ಲಿ ವಾಣಿಜ್ಯದ ಉನ್ನತ ಶಾಲೆ ತೆರೆಯಿತು. ಮರುವರ್ಷ, ಅಂದರೆ 1869ರಲ್ಲಿ, ಸುಯೆಜ್ ಕಾಲುವೆ ಸಂಚಾರಕ್ಕೆ ಮುಕ್ತವಾಗಿ ಪೂರ್ವ ದೇಶಗಳ ದಾರಿ ಹತ್ತಿರವಾಯಿತು. ಈ ಶಾಲೆಯಲ್ಲಿ ಲೆಕ್ಕಪತ್ರದ ಜೊತೆಗೆ ಪೌರ್ವಾತ್ಯ ಭಾಷೆಗಳನ್ನೂ ಕಲಿಸುತ್ತಿದ್ದರು. 1873ರಲ್ಲೇ ಜಪಾನಿ ಭಾಷೆಯ ಪಾಠ ಆರಂಭಿಸಿದ್ದರು. ಯಾರೊಡನೆ ವ್ಯಾಪಾರವೋ ಅವರ ಮಾತು ಬರಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

1881ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಉದ್ಯಮಿ ಜೋಸೆಫ್ ವಾರ್ಟನ್ ಅವರ ದೇಣಿಗೆಯಿಂದ ಪದವಿ ಹಂತದ ವಾಣಿಜ್ಯ ಶಾಲೆ ಸ್ಥಾಪನೆಯಾಯಿತು. 1902ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಶ್ಲಿ ಅವರ ನೇತೃತ್ವದಲ್ಲಿ ವಾಣಿಜ್ಯ ನಿಕಾಯ ಪಾಠ ಆರಂಭಿಸಿತು. ನಮಗೆ ಚಿರಪರಿಚಿತವಾದ 'ಬಿ.ಕಾಂ.' ಪದವಿಯನ್ನು ಬ್ರಿಟನ್ನಿನಲ್ಲಿ ಮೊದಲು ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1913ರಲ್ಲಿ ಬೊಂಬಾಯಿಯಲ್ಲಿ ಸಿಡೆನ್‌ಹ್ಯಾಮ್ ಕಾಲೇಜು ಸ್ಥಾಪನೆಯಾಗಿ ಭಾರತದಲ್ಲೂ ವಾಣಿಜ್ಯ ಪದವಿಯ ದಾರಿ ತೆರೆಯಿತು.

ಯುದ್ಧದ ನಂತರ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ವ್ಯಾಪಾರದ ಸ್ವರೂಪವೇ ಬದಲಾಯಿತು. ಸುಂಕಗಳನ್ನು ತಗ್ಗಿಸುವ ಗ್ಯಾಟ್ ಒಪ್ಪಂದ 1948ರ ಜನವರಿ 1ರಿಂದ ಜಾರಿಗೆ ಬಂತು. ಅದರ ಆರಂಭದ ಸದಸ್ಯರಲ್ಲಿ ಭಾರತವೂ ಒಂದು. 1956ರ ಏಪ್ರಿಲ್‌ನಲ್ಲಿ ಮಾಲ್ಕಂ ಮೆಕ್ಲೀನ್ ಅವರ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಸಾಗಿತು. ಇಂದಿನ ಕಂಟೇನರ್ ಯುಗದ ಆರಂಭ ಅದು.

ಇದೇ ಕಾಲದಲ್ಲಿ ಪರದೇಶದ ವ್ಯಾಪಾರಕ್ಕೆಂದೇ ವಿದ್ಯಾಸಂಸ್ಥೆ ಹುಟ್ಟಿತು. ಅಮೆರಿಕದ ಅರಿಜೋನಾದಲ್ಲಿ ಯುದ್ಧಕಾಲದಲ್ಲಿ ವಿಮಾನ ಚಾಲಕರಿಗೆ ತರಬೇತಿ ಕೊಡುತ್ತಿದ್ದ 'ಥಂಡರ್‌ಬರ್ಡ್' ಮೈದಾನದಲ್ಲಿ ಸೇನಾಧಿಕಾರಿ ಬಾರ್ಟನ್ ಕೈಲ್ ಯೌಂಟ್ 1946ರಲ್ಲಿ ಅದನ್ನು ಸ್ಥಾಪಿಸಿದರು. ಅಲ್ಲಿ ಮೂರು ಪಾಠಗಳು ಸಮಾನವಾಗಿದ್ದವು: ವ್ಯಾಪಾರ, ಒಂದು ಪರದೇಶದ ಭಾಷೆ, ಆ ಪ್ರದೇಶದ ಚರಿತ್ರೆ ಮತ್ತು ರೀತಿನೀತಿ. ಈ ಸಂಸ್ಥೆ ಈಗ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಭಾಗವಾಗಿದ್ದು, ಪದವಿ ಹಂತದ ಕೋರ್ಸುಗಳನ್ನೂ ನಡೆಸುತ್ತಿದೆ.

ಆಮೇಲೆ ವಿದ್ವಾಂಸರು ಹೊಸ ಪ್ರಶ್ನೆಗಳನ್ನು ಎತ್ತಿದರು. ಕಂಪನಿಯೊಂದು ಪರದೇಶಕ್ಕೆ ಸರಕು ಮಾರುವುದನ್ನು ಬಿಟ್ಟು ಅಲ್ಲೇ ಹೋಗಿ ಕಾರ್ಖಾನೆ ಕಟ್ಟುವುದೇಕೆ? ಆ ನೆಲದ ಭಾಷೆ ಮತ್ತು ಕಾನೂನು ಬಲ್ಲ ಸ್ಥಳೀಯನಿಗಿಂತ ಹೊರಗಿನವನು ಹೇಗೆ ಗೆಲ್ಲುತ್ತಾನೆ? ಕೆನಡಾದ ಸ್ಟೀಫನ್ ಹೈಮರ್ 1960ರ ತಮ್ಮ ಪ್ರೌಢಪ್ರಬಂಧದಲ್ಲಿ ಇದನ್ನು ಚರ್ಚಿಸಿದರು. ಅದು ಪುಸ್ತಕವಾದದ್ದು ಅವರು ತೀರಿಕೊಂಡ ನಂತರ, 1976ರಲ್ಲಿ. 1966ರಲ್ಲಿ ರೇಮಂಡ್ ವರ್ನನ್, ಹೊಸ ಸರಕು ಮೊದಲು ಶ್ರೀಮಂತ ದೇಶದಲ್ಲಿ ತಯಾರಾಗಿ, ಹಳತಾದಂತೆ ಖರ್ಚು ಕಡಿಮೆಯಿರುವ ದೇಶಗಳಿಗೆ ಅದರ ತಯಾರಿಕೆ ಸಾಗುವ ಬಗೆಯನ್ನು ವಿವರಿಸಿದರು. 1977ರಲ್ಲಿ ಸ್ವೀಡನ್ನಿನ ಯೋಹಾನ್ಸನ್ ಮತ್ತು ವಾಲ್ನೆ, ಕಂಪನಿಗಳು ಭಾಷೆ ಮತ್ತು ಸಂಸ್ಕೃತಿಯಲ್ಲಿ ತಮಗೆ ಹತ್ತಿರವಾದ ದೇಶಗಳಿಗೆ ಮೊದಲು ಹೋಗಿ ಕ್ರಮೇಣ ದೂರದ ದೇಶಗಳಿಗೆ ಸಾಗುತ್ತವೆ ಎಂದು ತೋರಿಸಿದರು. ಹೀಗೆ ಕೇವಲ ಆಮದು-ರಫ್ತಿನ ಕ್ರಮವಾಗಿದ್ದ ವಿಷಯವು ಒಂದು ಅಧ್ಯಯನ ಶಾಸ್ತ್ರವಾಗಿ ಬೆಳೆಯಿತು.

ನಮ್ಮ ದೇಶದಲ್ಲಿ

ಸ್ವತಂತ್ರ ಭಾರತದಲ್ಲಿ ಬಹುಕಾಲ ಆಮದಿಗೆ ಪರವಾನಗಿ ಬೇಕಿತ್ತು, ವಿದೇಶಿ ವಿನಿಮಯಕ್ಕೆ ಬಿಗಿ ಕಡಿವಾಣವಿತ್ತು. 1963ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ದೆಹಲಿಯಲ್ಲಿ ಭಾರತೀಯ ವಿದೇಶ ವ್ಯಾಪಾರ ಸಂಸ್ಥೆಯನ್ನು ಸ್ಥಾಪಿಸಿತು. 2002ರಲ್ಲಿ ಅದು ಪರಿಗಣಿತ ವಿಶ್ವವಿದ್ಯಾಲಯವಾಯಿತು. 1991ರ ಆರ್ಥಿಕ ಸುಧಾರಣೆಗಳು ಬಾಗಿಲು ತೆರೆದವು. 1994-95ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿ ಹಂತಕ್ಕೆ ತಂದ ವೃತ್ತಿಪರ ವಿಷಯಗಳಲ್ಲಿ 'ವಿದೇಶ ವ್ಯಾಪಾರದ ಕ್ರಮ ಮತ್ತು ವಿಧಾನಗಳು' ಕೂಡ ಸೇರಿತ್ತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂತು. 2000ದ ಜೂನ್‌ನಿಂದ ಕಠಿಣವಾದ 'ಫೆರಾ' ಹೋಗಿ 'ಫೆಮಾ' ಜಾರಿಯಾಯಿತು. ವಿದೇಶ ವ್ಯಾಪಾರ ಕೆಲವೇ ಪರವಾನಗಿದಾರರ ಸೊತ್ತಾಗಿ ಉಳಿಯಲಿಲ್ಲ. ನೇರವಾಗಿ 'ಅಂತಾರಾಷ್ಟ್ರೀಯ ವ್ಯವಹಾರ' ಎಂಬ ಹೆಸರಿನ ಪದವಿಗಳು ನಮ್ಮಲ್ಲಿ ಹರಡಿದ್ದು ಈ ಹಿನ್ನೆಲೆಯಲ್ಲಿ.

ಒಂದು ಕಂಟೇನರಿನ ಪಾಠ

ಈ ಪದವಿಯಲ್ಲಿ ಏನು ಕಲಿಯುತ್ತಾರೆ? ಚಿಕ್ಕಮಗಳೂರಿನ ಕಾಫಿ ನವಮಂಗಳೂರು ಬಂದರಿನಿಂದ ಇಟಲಿಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ರಫ್ತುದಾರನಿಗೆ ಮೊದಲು ಐಇಸಿ ಎಂಬ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಬೆಲೆ 'ಎಫ್‌ಓಬಿ' ಆದರೆ ಸರಕು ಹಡಗಿಗೇರುವವರೆಗಿನ ಖರ್ಚು ಮಾತ್ರ ಅವನದು. 'ಸಿಐಎಫ್' ಆದರೆ ಹಡಗು ಬಾಡಿಗೆ ಮತ್ತು ವಿಮೆಯೂ ಅವನ ಮೇಲೆ. ಈ ಪದಗಳಿಗೆ ಜಗತ್ತೆಲ್ಲ ಒಂದೇ ಅರ್ಥವಿರಲೆಂದು ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ 'ಇನ್‌ಕೋಟರ್ಮ್ಸ್' ನಿಯಮಗಳನ್ನು ಪ್ರಕಟಿಸಿತು. ಖರೀದಿದಾರನ ಮುಖ ನೋಡದಿದ್ದರೂ ಹಣ ಬರುವ ಭರವಸೆಗೆ ಬ್ಯಾಂಕಿನ 'ಲೆಟರ್ ಆಫ್ ಕ್ರೆಡಿಟ್' ಇದೆ. ಆದರೆ ದಾಖಲೆಯಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಬ್ಯಾಂಕು ಹಣ ತಡೆಹಿಡಿಯಬಹುದು.

ಇನ್ನು ವಿನಿಮಯ ದರ. ಬರಬೇಕಾದ ಹಣ 80,000 ಡಾಲರ್ ಎಂದು ಭಾವಿಸಿ. ಡಾಲರಿಗೆ 85 ರೂಪಾಯಿ ಇದ್ದರೆ ಸಿಗುವುದು 68 ಲಕ್ಷ; ಹಣ ಬರುವಷ್ಟರಲ್ಲಿ ಅದು 83ಕ್ಕೆ ಇಳಿದಿದ್ದರೆ 66 ಲಕ್ಷ 40 ಸಾವಿರ. ಕಾಫಿ ಅದೇ, ಶ್ರಮ ಅದೇ, ನಷ್ಟ 1 ಲಕ್ಷ 60 ಸಾವಿರ. ಈ ಅಪಾಯದಿಂದ ಪಾರಾಗಲು ಬ್ಯಾಂಕಿನೊಡನೆ ಮುಂಗಡ ದರದ ಒಪ್ಪಂದ ಮಾಡಿಕೊಳ್ಳುವುದು ಹೇಗೆಂಬುದು ತರಗತಿಯಲ್ಲಿ ಕಲಿಯಬೇಕಾದ ಪಾಠ. ನಷ್ಟ ಅನುಭವಿಸಿ ಕಲಿಯುವುದಕ್ಕಿಂತ ಇದು ಅಗ್ಗ.

ಹಿರಿಯರ ಪ್ರಶ್ನೆಗೆ ಉತ್ತರ

"ಅಂಗಡಿಯಲ್ಲೇ ಕಲಿಯಬಹುದಲ್ಲ" ಎಂಬ ಮಾತಿಗೆ ಈಗ ಬರೋಣ. ಅಂಗಡಿ ಇರುವವರ ಮಕ್ಕಳಿಗೆ ಅದು ನಿಜ. ಅಂಗಡಿಯೇ ಇಲ್ಲದವರ ಮಕ್ಕಳು ಎಲ್ಲಿ ಕಲಿಯಬೇಕು? ಬೀಡಿ ಕಟ್ಟುವ ತಾಯಿಯ ಮಗಳು, ಆಟೋ ಓಡಿಸುವ ತಂದೆಯ ಮಗ ಯಾವ ವರ್ತಕನ ಬಳಿ ಗುಮಾಸ್ತರಾಗಬೇಕು? ಕುಟುಂಬದ ಒಳಗಿದ್ದ ವಿದ್ಯೆಯನ್ನು ಶುಲ್ಕ ಕಟ್ಟಿ ಪರೀಕ್ಷೆ ಬರೆಯುವ ಯಾರಿಗಾದರೂ ದೊರಕಿಸಿದ್ದೇ ಕಾಲೇಜು ಮಾಡಿದ ದೊಡ್ಡ ಕೆಲಸ. ಹೆಣ್ಣುಮಕ್ಕಳ ಮಟ್ಟಿಗಂತೂ ಇದು ಇನ್ನೂ ಹೆಚ್ಚು ನಿಜ.

ಆದರೆ ಹಿರಿಯರ ಸಂಶಯದಲ್ಲೂ ತಿರುಳಿದೆ. ಹಲವು ಕಾಲೇಜುಗಳು ಹೆಸರನ್ನು ಮಾತ್ರ ಇಟ್ಟುಕೊಂಡು, ವೆನಿಸ್ ಮತ್ತು ಥಂಡರ್‌ಬರ್ಡ್‌ನವರು ಮುಖ್ಯವೆಂದು ಭಾವಿಸಿದ್ದ ಭಾಷೆಯನ್ನೂ ಪರದೇಶದ ಪರಿಚಯವನ್ನೂ ಕೈಬಿಟ್ಟಿವೆ. ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಸೇರುವ ಮುನ್ನ ಇವನ್ನು ವಿಚಾರಿಸಿ:

1. ಒಂದು ವಿದೇಶಿ ಭಾಷೆಯನ್ನು ಮಾತನಾಡುವಷ್ಟು ಕಲಿಸುತ್ತಾರೆಯೇ? ಮದ್ರಸಾದಲ್ಲಿ ಅರಬ್ಬಿ ಓದಿದವರು ಅದನ್ನು ಬಿಡಬೇಡಿ. ಓದಲು ಮಾತ್ರ ಬರುವ ಅರಬ್ಬಿಯನ್ನು ಪತ್ರ ಬರೆಯುವ, ಮಾತನಾಡುವ ಅರಬ್ಬಿಯಾಗಿ ಬೆಳೆಸಿಕೊಂಡರೆ ಕೊಲ್ಲಿ ದೇಶಗಳ ವ್ಯಾಪಾರದಲ್ಲಿ ಅದು ಬಂಡವಾಳ.

2. ರಫ್ತು ದಾಖಲೆಗಳನ್ನು ಕೈಯಾರೆ ತುಂಬಿಸಿ ಅಭ್ಯಾಸ ಮಾಡಿಸುತ್ತಾರೆಯೇ? ಬಂದರು, ಕಸ್ಟಮ್ಸ್ ಏಜೆಂಟರ ಕಚೇರಿ ಅಥವಾ ರಫ್ತು ಘಟಕದಲ್ಲಿ ಇಂಟರ್ನ್‌ಶಿಪ್ ಇದೆಯೇ?

3. ಲೆಕ್ಕಶಾಸ್ತ್ರ, ಅಂಕಿಅಂಶ ಮತ್ತು ಒಪ್ಪಂದ ಕಾನೂನು ಗಟ್ಟಿಯಾಗಿವೆಯೇ? ಇವಿಲ್ಲದಿದ್ದರೆ 'ಇಂಟರ್‌ನ್ಯಾಷನಲ್' ಎಂಬುದು ಬರೀ ಫಲಕ.

4. ಕೋರ್ಸಿಗೆ ಮಾನ್ಯತೆ ಇದೆಯೇ? 2024-25ರಿಂದ ಬಿಬಿಎ ಕೋರ್ಸುಗಳೂ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ವಿದೇಶದಲ್ಲಿ ಓದುವುದಾದರೆ ಆ ಪದವಿಗೆ ಇಲ್ಲಿ ಮಾನ್ಯತೆ ಇದೆಯೇ ಎಂದು ಸಾಲ ಮಾಡುವ ಮುನ್ನವೇ ತಿಳಿಯಿರಿ.

ಇಂತಹ ಕಾಲೇಜು ಹತ್ತಿರದಲ್ಲಿ ಇಲ್ಲವೆಂದು ಕೊರಗಬೇಕಿಲ್ಲ. ಒಳ್ಳೆಯ ಬಿ.ಕಾಂ. ಪದವಿ, ಜೊತೆಗೆ ಒಂದು ಭಾಷೆ, ರಜೆಯಲ್ಲಿ ಒಂದು ರಫ್ತು ಕಚೇರಿಯ ಅನುಭವ, ಇವಿಷ್ಟಿದ್ದರೂ ಮುಂದೆ ಸ್ನಾತಕೋತ್ತರ ಹಂತದಲ್ಲಿ ಈ ವಿಷಯವನ್ನು ಆರಿಸಿಕೊಳ್ಳಬಹುದು.

ಸಂಘದ ಸದಸ್ಯರಲ್ಲೂ ಒಂದು ವಿನಂತಿ. ಕೊಲ್ಲಿಯಲ್ಲಿ ದುಡಿದು ಬಂದವರು, ಮೀನು, ಸಾಂಬಾರ, ಬಟ್ಟೆ ವ್ಯಾಪಾರದಲ್ಲಿ ಪಳಗಿದವರು ನಮ್ಮ ನಡುವೆ ಇದ್ದಾರೆ. ಅವರು ವರ್ಷಕ್ಕೆ ನಾಲ್ಕು ದಿನ ವಿದ್ಯಾರ್ಥಿಗಳ ಮುಂದೆ ಕುಳಿತು ತಮ್ಮ ಹಳೆಯ ಇನ್‌ವಾಯ್ಸ್, ಬಿಲ್ಲು, ಪತ್ರಗಳನ್ನು ತೋರಿಸಿ ವಿವರಿಸಿದರೆ ಸಾಕು. ಬೆನ್ ಯಿಜುವಿನ ಹಲವು ಪತ್ರಗಳು ಇಂದು ದೂರದ ಕೇಂಬ್ರಿಜ್‌ನಲ್ಲಿವೆ. ನಮ್ಮ ಹಿರಿಯರ ಪತ್ರಗಳು ಇನ್ನೂ ನಮ್ಮ ಮನೆಯ ಅಟ್ಟದ ಮೇಲೆಯೇ ಇವೆ.